ಶುಗರ್ ಇದೆಯಾ, ಇಲ್ವಾ? ಮುಂಬೈಯಲ್ಲಿ ಟೆಸ್ಟ್‌ನಿಂದ ಚಿಕಿತ್ಸೆವರೆಗೆ ದಾರಿ ತಪ್ಪದೆ ಹೋಗುವುದು ಹೇಗೆ

ಮುಂಬೈ ಉಪನಗರದ ಒಂದು ಲ್ಯಾಬ್‌ನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ನನಗೆ ಕನ್ನಡ ಬರುತ್ತದೆ ಅಂತ ಗೊತ್ತಾದ ಕೂಡಲೇ ನಮ್ಮ ಕಡೆಯವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಇತ್ತೀಚೆಗೆ ಹೋಟೆಲ್ ಗಲ್ಲಾದಲ್ಲಿ ಕೂರುವ ಒಬ್ಬರು ಬಂದಿದ್ದರು. ಎರಡು ವರ್ಷದಲ್ಲಿ ಮೂರು ಸಲ ಶುಗರ್ ನೋಡಿಸಿದ್ದರು. ಗಣೇಶೋತ್ಸವದ ಕ್ಯಾಂಪ್‌ನಲ್ಲಿ 168, ರೂಮ್ ಗೆಳೆಯನ ಮೀಟರ್‌ನಲ್ಲಿ 131, ಇನ್ನೊಂದು ಕಡೆ ‘ನಾರ್ಮಲ್’ ಅಂದರಂತೆ. ಯಾವುದು ಖಾಲಿ ಹೊಟ್ಟೆಯದ್ದು, ಯಾವುದು ಊಟದ ನಂತರದ್ದು ನೆನಪಿಲ್ಲ. ಒಂದಕ್ಕೂ ಕಾಗದ ಇಲ್ಲ. ಆದರೆ ಯಾರೋ ಕಳಿಸಿದ ವಿಡಿಯೊ ನೋಡಿ ಆರು ತಿಂಗಳಿಂದ ಮೆಂತ್ಯ ನೀರು ಕುಡಿಯುತ್ತಿದ್ದರು. “ಅಕ್ಕಾ, ನಂಗೆ ಶುಗರ್ ಇದೆಯಾ, ಇಲ್ವಾ?” ಅಂತ ಕೇಳಿದರು.

ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಎಡವುವ ಜಾಗವೂ ಹೆಚ್ಚುಕಡಿಮೆ ಒಂದೇ. ಕಾಯಿಲೆ ಖಚಿತವಾಗುವ ಮೊದಲೇ ಸಲಹೆ ಹುಡುಕಲು ಶುರುಮಾಡುತ್ತಾರೆ. ಡಾಕ್ಟರ್ ಎದುರು ಕೂರುವ ಹೊತ್ತಿಗೆ ಕೈಯಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಾನು ಡಾಕ್ಟರ್ ಅಲ್ಲ. ಯಾವ ಮಾತ್ರೆ, ಎಷ್ಟು ಅನ್ನುವುದನ್ನು ಅವರೇ ಹೇಳಬೇಕು. ಮೈ ತುಂಬಾ ಕೆಟ್ಟಿದ್ದರೆ ಉಳಿದದ್ದು ಬಿಟ್ಟು ಹಂತ 8ಕ್ಕೆ ಹೋಗಿ.

ಮೊದಲು ಇಷ್ಟು ಹೊಂದಿಸಿಕೊಳ್ಳಿ

ದರ್ಜಿಯ ಹತ್ತಿರ ಇರುವಂಥ ಅಳತೆ ಟೇಪ್ ಒಂದು. ಪ್ಲಾಸ್ಟಿಕ್ ಫೈಲ್ ಒಂದು. ಇನ್ನೂರು ಪುಟದ ನೋಟ್‌ಬುಕ್ ಒಂದು. ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್. ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಇದ್ದರೆ ಆ ಕಾರ್ಡು.

ಫೈಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದೇ ಖೋಲಿಯಲ್ಲಿ ಐದಾರು ಜನ ಇರುವ ಕಡೆ ಕಾಗದ ಕಳೆದುಹೋಗುವುದು ಸಹಜ. ಆದ್ದರಿಂದ ರಿಪೋರ್ಟ್ ಕೈಗೆ ಬಂದ ದಿನವೇ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಊರಲ್ಲಿರುವ ಮಗಳಿಗೋ ತಮ್ಮನಿಗೋ ಒಂದು ಕಳಿಸಿಡಿ.

ಹಂತ 1: ಟೇಪ್ ಹಿಡಿದು ಅಂಕ ಹಾಕಿ

ರಕ್ತ ಕೊಡುವ ಮೊದಲೇ ನಿಮ್ಮ ಅಪಾಯ ಎಷ್ಟು ಅಂತ ತಿಳಿಯಲು ಒಂದು ಸುಲಭ ಲೆಕ್ಕ ಇದೆ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು ನಮ್ಮ ದೇಶದ ಜನರನ್ನೇ ನೋಡಿ ಮಾಡಿದ ಲೆಕ್ಕ ಇದು. ಒಟ್ಟು 100 ಅಂಕ.

ವಯಸ್ಸು 35ಕ್ಕಿಂತ ಕಡಿಮೆ ಇದ್ದರೆ 0, 35ರಿಂದ 49 ಆಗಿದ್ದರೆ 20, 50 ಮತ್ತು ಮೇಲೆ 30.

ಸೊಂಟದ ಸುತ್ತಳತೆ: ಗಂಡಸರಿಗೆ 90 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ 0, 90ರಿಂದ 99ಕ್ಕೆ 10, 100 ಮತ್ತು ಮೇಲೆ 20. ಹೆಂಗಸರಿಗೆ 80ಕ್ಕಿಂತ ಕಡಿಮೆ ಇದ್ದರೆ 0, 80ರಿಂದ 89ಕ್ಕೆ 10, 90 ಮತ್ತು ಮೇಲೆ 20.

ದುಡಿಮೆ: ದಿನವೂ ವ್ಯಾಯಾಮವಿದ್ದು, ಮೈಮುರಿಯುವ ಕೆಲಸವೂ ಇದ್ದರೆ 0. ಎರಡರಲ್ಲಿ ಒಂದಿದ್ದರೆ 20. ಎರಡೂ ಇಲ್ಲದೆ ಕೂತು ಮಾಡುವ ಕೆಲಸವಾದರೆ 30.

ಮನೆತನ: ಅಪ್ಪ, ಅಮ್ಮ ಇಬ್ಬರಿಗೂ ಇಲ್ಲದಿದ್ದರೆ 0, ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20.

ಎಲ್ಲ ಕೂಡಿಸಿ 60 ಅಥವಾ ಹೆಚ್ಚು ಬಂದರೆ ಇದೇ ವಾರ ಟೆಸ್ಟ್ ಮಾಡಿಸಿ. 30ರಿಂದ 50 ಬಂದರೂ ಒಮ್ಮೆ ನೋಡಿಸುವುದು ಒಳ್ಳೆಯದು. ಅಂಕ ಎಷ್ಟೇ ಇರಲಿ, ಪದೇ ಪದೇ ಮೂತ್ರ, ತೀರದ ಬಾಯಾರಿಕೆ, ಕಾರಣವಿಲ್ಲದೆ ಮೈ ಇಳಿಯುವುದು, ವಾಸಿಯಾಗದ ಗಾಯ ಇದ್ದರೆ ಕಾಯಬೇಡಿ.

ಇಲ್ಲಿ ಆಗುವ ತಪ್ಪು: ಪ್ಯಾಂಟಿನ ಸೈಜನ್ನೇ ಸೊಂಟದ ಅಳತೆ ಅಂತ ಬರೆಯುತ್ತಾರೆ. ಹೊಟ್ಟೆ ಇರುವವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಹಾಕುತ್ತಾರೆ. ಅದು ಅಳತೆ ಆಗುವುದಿಲ್ಲ. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ತುದಿಗೂ ನಡುವೆ ಟೇಪ್ ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಇನ್ನೊಂದು ತಪ್ಪು, ಹೋಟೆಲ್‌ನಲ್ಲಿ ದಿನವಿಡೀ ನಿಂತಿರುವುದನ್ನು ವ್ಯಾಯಾಮ ಅಂತ ಲೆಕ್ಕ ಹಾಕುವುದು. ಕಾಲು ನೋಯುವುದು ನಿಜ. ಆದರೆ ನಿಲ್ಲುವುದು ಬೇರೆ, ಬೆವರು ಬರುವ ಹಾಗೆ ನಡೆಯುವುದು ಬೇರೆ.

ಹಂತ 2: ಎಲ್ಲಿ ಟೆಸ್ಟ್ ಮಾಡಿಸುವುದು

30 ದಾಟಿದವರಿಗೆ ಶುಗರ್ ಮತ್ತು ಬಿಪಿ ತಪಾಸಣೆ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ಇದು ನಮ್ಮವರಲ್ಲಿ ಅನೇಕರಿಗೆ ಗೊತ್ತೇ ಇಲ್ಲ. ಮೊದಲು ಹತ್ತಿರದ ಪಾಲಿಕೆಯ ದವಾಖಾನೆಗೆ ಹೋಗಿ. 2022ರಲ್ಲಿ ಮುಂಬೈ ಪಾಲಿಕೆ ಶುರುಮಾಡಿದ ‘ಆಪ್ಲಾ ದವಾಖಾನಾ’ಗಳು ಈಗ ಅನೇಕ ಬಸ್ತಿಗಳಲ್ಲಿವೆ. ಡಾಕ್ಟರ್ ನೋಡುವುದೂ, ಸಾಮಾನ್ಯ ರಕ್ತ ಪರೀಕ್ಷೆಯೂ ಅಲ್ಲಿ ಉಚಿತ. ಸಂಜೆ ತೆರೆದಿರುವ ಕೇಂದ್ರಗಳೂ ಇವೆ. ಹೋಟೆಲ್, ಅಂಗಡಿ ಕೆಲಸದವರಿಗೆ ಅದು ಅನುಕೂಲ. ಬಾಗಿಲ ಮೇಲಿನ ಫಲಕದಲ್ಲಿ ಸಮಯ ನೋಡಿಕೊಳ್ಳಿ.

ದೊಡ್ಡ ಆಸ್ಪತ್ರೆಗೆ ನೇರವಾಗಿ ಓಡಬೇಡಿ. ಪರೇಲ್‌ನ ಕೆಇಎಂ, ಮುಂಬೈ ಸೆಂಟ್ರಲ್‌ನ ನಾಯರ್, ಸಾಯನ್, ವಿಲೆ ಪಾರ್ಲೆಯ ಕೂಪರ್, ಎಲ್ಲವೂ ಪಾಲಿಕೆಯವೇ. ಆದರೆ ಬರೀ ಶುಗರ್ ನೋಡಿಸಲು ಅಲ್ಲಿ ಹೋದರೆ ಕೇಸ್ ಪೇಪರ್ (ಹೆಸರು ಬರೆಸಿ ಪಡೆಯುವ ಚೀಟಿ) ಸಾಲಿನಲ್ಲೇ ಅರ್ಧ ದಿನ ಹೋಗುತ್ತದೆ. ಒಂದು ದಿನದ ಸಂಬಳವೂ ಹೋಗುತ್ತದೆ. ಬೇಸತ್ತು ಮತ್ತೆ ಆ ಕಡೆ ಹೋಗುವುದೇ ಇಲ್ಲ. ದವಾಖಾನೆಯಿಂದ ಚೀಟಿ ಬರೆಸಿಕೊಂಡು, ಬೇಕಾದಾಗ ಮಾತ್ರ ದೊಡ್ಡ ಆಸ್ಪತ್ರೆಗೆ ಹೋಗಿ.

ಮುಂಬೈ ಪಾಲಿಕೆಯ ಗಡಿ ದಹಿಸರ್ ಮತ್ತು ಮುಲುಂಡ್‌ಗೆ ಮುಗಿಯುತ್ತದೆ. ಡೊಂಬಿವಲಿ, ಠಾಣೆ, ಮೀರಾ ರೋಡ್, ನವಿ ಮುಂಬೈಗೆ ಪಾಲಿಕೆಗಳೇ ಬೇರೆ. ಅಲ್ಲಿರುವವರು ತಮ್ಮ ಪಾಲಿಕೆಯ ಆರೋಗ್ಯ ಕೇಂದ್ರ ಎಲ್ಲಿದೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯಾ ನೋಡಿ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದು, ಮಾಲೀಕರು ನೋಂದಾಯಿಸಿದ್ದರೆ ನಿಮಗೂ ಮನೆಯವರಿಗೂ ಟೆಸ್ಟ್, ಔಷಧಿ ಎಲ್ಲ ಸಿಗುತ್ತದೆ. ಪ್ರತಿ ತಿಂಗಳು ದುಡ್ಡು ಕಟ್ಟಿಯೂ ಒಮ್ಮೆಯೂ ಇಎಸ್‌ಐ ದವಾಖಾನೆ ನೋಡದವರನ್ನು ಕಂಡಾಗ ನನಗೆ ತುಂಬಾ ಸಂಕಟವಾಗುತ್ತದೆ.

ಖಾಸಗಿ ಲ್ಯಾಬ್ ಆದರೆ ರಿಪೋರ್ಟಿನ ಮೇಲೆ ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಮಂಡಳಿ) ಗುರುತು ಇದೆಯಾ, ಪೆಥಾಲಜಿಸ್ಟ್ ಡಾಕ್ಟರ್ ಸಹಿ ಇದೆಯಾ ನೋಡಿ. ‘70 ಟೆಸ್ಟ್ ಪ್ಯಾಕೇಜ್’ ಬೇಡ. ಮೊದಲ ಸಲಕ್ಕೆ ಬೇಕಿರುವುದು ಎರಡೋ ಮೂರೋ ಟೆಸ್ಟ್ ಅಷ್ಟೆ.

ಕೌಂಟರಿನಲ್ಲಿ ಕಿವಿಗೆ ಬೀಳುವ ಕೆಲವು ಮರಾಠಿ ಮಾತು ಗೊತ್ತಿದ್ದರೆ ಗಾಬರಿ ಕಡಿಮೆ. ‘ಉಪಾಶಿ ಪೋಟಿ’ ಅಂದರೆ ಖಾಲಿ ಹೊಟ್ಟೆಯಲ್ಲಿ. ‘ಜೇವಣಾನಂತರ’ ಅಂದರೆ ಊಟದ ನಂತರ. ‘ರಕ್ತ ತಪಾಸಣಿ’ ರಕ್ತ ಪರೀಕ್ಷೆ. ‘ಲಘವಿ’ ಮೂತ್ರ. ‘ಗೋಳ್ಯಾ’ ಮಾತ್ರೆಗಳು. ಊರಿಂದ ಹೊಸದಾಗಿ ಬಂದ ಒಬ್ಬ ತಾಯಿ ‘ಗೋಳ್ಯಾ ಘೇತಲ್ಯಾ ಕಾ?’ ಅಂದಾಗ ಅರ್ಥವಾಗದೆ ತಲೆಯಾಡಿಸಿಬಿಟ್ಟರು. ಮಾತ್ರೆ ತಗೊಂಡಿದ್ದೀರಾ ಅನ್ನುವ ಪ್ರಶ್ನೆ ಅದು. ಅವರು ತಗೊಂಡಿರಲಿಲ್ಲ. ಅರ್ಥವಾಗದಿದ್ದರೆ ‘ಸಮಜಲಾ ನಾಹಿ’ ಅನ್ನಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಹಂತ 3: ಹಿಂದಿನ ರಾತ್ರಿ ಮತ್ತು ಆ ಬೆಳಗ್ಗೆ

ಟೆಸ್ಟ್ ಹಾಳಾಗುವುದು ಜಾಸ್ತಿ ಇಲ್ಲೇ. ದಿನವೂ ನೋಡುತ್ತೇನೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಖಾಲಿ ಹೊಟ್ಟೆಯ ಟೆಸ್ಟಿಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ನೀರು ಕುಡಿಯಬಹುದು. ಕುಡಿದರೆ ಒಳ್ಳೆಯದೇ, ನರ ಬೇಗ ಸಿಗುತ್ತದೆ. ರಾತ್ರಿ 12ಕ್ಕೆ ಹೋಟೆಲ್ ಮುಚ್ಚಿ, 1 ಗಂಟೆಗೆ ಊಟ ಮಾಡಿ, ಬೆಳಗ್ಗೆ 7ಕ್ಕೆ ಬಂದು ‘ಖಾಲಿ ಹೊಟ್ಟೆ’ ಅಂದರೆ ಅದು 6 ಗಂಟೆ ಆಯಿತು. ನಿಮ್ಮ ಊಟ ತಡವಾದರೆ ಟೆಸ್ಟಿಗೂ ತಡವಾಗಿ ಬನ್ನಿ. 10 ಗಂಟೆಗೆ ಬಂದರೂ ಏನೂ ತೊಂದರೆಯಿಲ್ಲ.

ಕಟಿಂಗ್ ಚಾ ಬೇಡ. ಸಕ್ಕರೆ ಹಾಕದ ಚಹಾವೂ ಬೇಡ. ಬಿಸ್ಕತ್ತು, ಗುಟ್ಕಾ, ಬೀಡಿ ಯಾವುದೂ ಬೇಡ. “ಸ್ಟೇಷನ್ ಹತ್ರ ಒಂದು ಗುಟುಕು ಚಾ ಅಷ್ಟೇ ಕುಡಿದೆ” ಅನ್ನುವವರು ಬಹಳ. ಕುಡಿದಿದ್ದರೆ ಬಾಯಿಬಿಟ್ಟು ಹೇಳಿ, ಇನ್ನೊಂದು ದಿನ ಬನ್ನಿ. ತಪ್ಪು ಸಂಖ್ಯೆ ಇಟ್ಟುಕೊಂಡು ಏನು ಪ್ರಯೋಜನ?

ಎರಡನೇ ಟೆಸ್ಟ್ ಊಟದ ನಂತರದ್ದು. ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಸರಿಯಾಗಿ 2 ಗಂಟೆ ಲೆಕ್ಕ ಹಾಕಬೇಕು. ಕೈ ತೊಳೆದ ಹೊತ್ತಿನಿಂದ ಲೆಕ್ಕ ಹಾಕಬೇಡಿ. ಮೊಬೈಲ್‌ನಲ್ಲಿ ಅಲಾರಂ ಇಡಿ. ದಿನವೂ ತಿನ್ನುವುದನ್ನೇ ತಿನ್ನಿ. ರಿಪೋರ್ಟ್ ಚೆನ್ನಾಗಿ ಬರಲಿ ಅಂತ ಆ ದಿನ ಮಾತ್ರ ಒಂದೇ ಇಡ್ಲಿ ತಿಂದರೆ ಮೋಸ ಹೋಗುವುದು ನೀವೇ.

ಕಾಯಿಲೆ ಇದೆಯೋ ಇಲ್ಲವೋ ಅಂತ ಮೊದಲ ಸಲ ತೀರ್ಮಾನಿಸಲು ಡಾಕ್ಟರ್ 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆ ಬಿಟ್ಟು ರಕ್ತ ತೆಗೆಯಲು ಹೇಳಬಹುದು. ಆ 2 ಗಂಟೆ ಲ್ಯಾಬ್‌ನಲ್ಲೇ ಕೂತಿರಿ. ಬಜಾರು ಸುತ್ತಲು ಹೋಗಬೇಡಿ.

ಮೂರನೆಯದು ಎಚ್‌ಬಿಎ1ಸಿ. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಇದರಲ್ಲಿ ತಿಳಿಯುತ್ತದೆ. ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಆದರೆ ರಕ್ತಹೀನತೆ, ಥಲಸ್ಸೀಮಿಯಾ (ಹುಟ್ಟಿನಿಂದಲೇ ಇರುವ ಒಂದು ರಕ್ತದ ಕಾಯಿಲೆ), ಕಿಡ್ನಿ ತೊಂದರೆ ಇದ್ದರೆ ಅಥವಾ ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಈ ಸಂಖ್ಯೆ ದಾರಿ ತಪ್ಪಿಸುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವವರು ತುಂಬಾ ಜನ. ಅದನ್ನು ಡಾಕ್ಟರ್‌ಗೆ ಮೊದಲೇ ತಿಳಿಸಿ.

ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಖಾಲಿ ಹೊಟ್ಟೆಯ ರಕ್ತ ಕೊಡುವವರೆಗೆ ಸಾಮಾನ್ಯವಾಗಿ ಅದನ್ನು ತಗೊಳ್ಳುವುದಿಲ್ಲ. ರಕ್ತ ಕೊಟ್ಟ ಮೇಲೆ ಎಂದಿನಂತೆ ತಗೊಂಡು, ತಿಂಡಿ ತಿಂದು, 2 ಗಂಟೆಗೆ ಮತ್ತೆ ಕೊಡಬೇಕು. ಮಾತ್ರೆ ತಗೊಂಡು ಖಾಲಿ ಹೊಟ್ಟೆಯಲ್ಲಿ ಸಾಲಿನಲ್ಲಿ ನಿಂತವರು ಕುಸಿದು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ.

ರಕ್ತ ಯಾವ ಟ್ಯೂಬಿಗೆ ಹೋಗುತ್ತಿದೆ ಅಂತಲೂ ನೋಡಿ. ಶುಗರ್‌ಗೆ ಬೂದು ಮುಚ್ಚಳದ್ದು, ಎಚ್‌ಬಿಎ1ಸಿಗೆ ನೇರಳೆ ಮುಚ್ಚಳದ್ದು. ಬೂದು ಟ್ಯೂಬಿನಲ್ಲಿ ಸಕ್ಕರೆ ಕರಗದಂತೆ ತಡೆಯುವ ಪುಡಿ ಇರುತ್ತದೆ. ಬೇರೆ ಟ್ಯೂಬಿನಲ್ಲಿ ತುಂಬಿ ಗಂಟೆಗಟ್ಟಲೆ ಬಿಟ್ಟರೆ ರಕ್ತಕಣಗಳೇ ಸಕ್ಕರೆಯನ್ನು ತಿಂದು ಸಂಖ್ಯೆ ಕಡಿಮೆ ಬರುತ್ತದೆ. ಯಾವ ಟ್ಯೂಬ್ ಅಂತ ಕೇಳುವ ಹಕ್ಕು ನಿಮಗಿದೆ. ನನ್ನನ್ನು ಯಾರಾದರೂ ಕೇಳಿದರೆ ಸಂತೋಷವೇ ಆಗುತ್ತದೆ.

ಹಂತ 4: ಸಂಖ್ಯೆ ಓದುವುದು

ನೋಟ್‌ಬುಕ್‌ನಲ್ಲಿ ತಾರೀಕು, ಹೊತ್ತು, ಯಾವ ಟೆಸ್ಟ್, ಎಷ್ಟು ಬಂತು ಅಂತ ಬರೆದು ಹೀಗೆ ಹೋಲಿಸಿ. ಶುಗರ್ ಸಂಖ್ಯೆಗಳು mg/dL ಲೆಕ್ಕದಲ್ಲಿ, ಎಚ್‌ಬಿಎ1ಸಿ ಶೇಕಡಾ ಲೆಕ್ಕದಲ್ಲಿ.

ಖಾಲಿ ಹೊಟ್ಟೆ: 100ಕ್ಕಿಂತ ಕಡಿಮೆ ಸರಿ. 100ರಿಂದ 125 ಗಡಿಯಲ್ಲಿದೆ. 126 ಮತ್ತು ಮೇಲೆ ಸಕ್ಕರೆ ಕಾಯಿಲೆಯ ಮಟ್ಟ.

75 ಗ್ರಾಂ ಗ್ಲೂಕೋಸ್ ಕುಡಿದ 2 ಗಂಟೆಗೆ: 140ಕ್ಕಿಂತ ಕಡಿಮೆ ಸರಿ. 140ರಿಂದ 199 ಗಡಿ. 200 ಮತ್ತು ಮೇಲೆ ಕಾಯಿಲೆಯ ಮಟ್ಟ.

ಎಚ್‌ಬಿಎ1ಸಿ: 5.7ಕ್ಕಿಂತ ಕಡಿಮೆ ಸರಿ. 5.7ರಿಂದ 6.4 ಗಡಿ. 6.5 ಮತ್ತು ಮೇಲೆ ಕಾಯಿಲೆಯ ಮಟ್ಟ.

ಲಕ್ಷಣ ಏನೂ ಇಲ್ಲದವರಿಗೆ ಒಂದೇ ಸಂಖ್ಯೆ ನೋಡಿ ತೀರ್ಮಾನ ಮಾಡುವಂತಿಲ್ಲ. ಎರಡು ಬೇರೆ ಟೆಸ್ಟ್ ಒಂದೇ ಮಾತು ಹೇಳಬೇಕು. ಇಲ್ಲವೇ ಅದೇ ಟೆಸ್ಟ್ ಇನ್ನೊಂದು ದಿನ ಮಾಡಿದಾಗಲೂ ಹಾಗೇ ಬರಬೇಕು. ಬಾಯಾರಿಕೆ, ಮೂತ್ರ, ತೂಕ ಇಳಿಯುವುದು ಎಲ್ಲ ಇದ್ದು, ಯಾವುದೇ ಹೊತ್ತಿನಲ್ಲಿ 200 ದಾಟಿದ್ದರೆ ಮಾತ್ರ ಅದೊಂದೇ ಸಾಕು.

ಬೆರಳು ಚುಚ್ಚಿ ನೋಡುವ ಮೀಟರ್‌ನಿಂದ ಕಾಯಿಲೆ ಖಚಿತವಾಗುವುದಿಲ್ಲ. ಒಳ್ಳೆಯ ಮೀಟರ್ ಕೂಡ ಶೇಕಡಾ 15ರಷ್ಟು ಅತ್ತಿತ್ತ ತೋರಿಸಬಹುದು. ಕ್ಯಾಂಪ್‌ನಲ್ಲಿ 140 ದಾಟಿದರೆ ಮುಂದಿನ ಟೆಸ್ಟ್ ಬೇಕು ಅಂತ ಮಾತ್ರ ತಿಳಿಯಿರಿ. ಆ ಹೋಟೆಲ್‌ನವರ 168 ಇಂಥದ್ದೇ ಸೂಚನೆಯಾಗಿತ್ತು. ಯಾರೂ ಅವರಿಗೆ ಅದನ್ನು ಬಿಡಿಸಿ ಹೇಳಲಿಲ್ಲ.

ಬಸುರಿಯರಿಗೆ ಲೆಕ್ಕ ಬೇರೆ. ಮೊದಲ ಭೇಟಿಯಲ್ಲಿ ಮತ್ತು 24ರಿಂದ 28 ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕೊಟ್ಟು ನೋಡುತ್ತಾರೆ. 2 ಗಂಟೆಗೆ 140 ಬಂದರೇ ಚಿಕಿತ್ಸೆ ಶುರು. ಹೆರಿಗೆಯಾಗಿ 6 ವಾರಕ್ಕೆ ಮತ್ತೆ ಟೆಸ್ಟ್ ಮಾಡಿಸಬೇಕು. ಬಾಣಂತನಕ್ಕೆ ಊರಿಗೆ ಹೋದವರು ಇದನ್ನು ಮರೆಯುತ್ತಾರೆ.

ಹಂತ 5: ಡಾಕ್ಟರ್ ಹತ್ತಿರ

ಟೈಪ್ 2 (ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯ ಶುಗರ್) ಇರುವ ಹೆಚ್ಚಿನವರಿಗೆ ಎಂಡಿ ಮೆಡಿಸಿನ್ ಮಾಡಿದ ಹತ್ತಿರದ ಡಾಕ್ಟರೇ ಸಾಕು. ಚಿಕ್ಕ ವಯಸ್ಸು, ಸಣಕಲು ಮೈ, ಬೇಗ ತೂಕ ಇಳಿದಿದೆ ಅನ್ನುವವರು, ಬಸುರಿಯರು, ಎರಡು ಮೂರು ಮಾತ್ರೆಗೂ ಹತೋಟಿಗೆ ಬರದವರು ಎಂಡೊಕ್ರಿನಾಲಜಿ (ಹಾರ್ಮೋನು ತೊಂದರೆ ನೋಡುವ) ವಿಭಾಗಕ್ಕೆ ಹೋಗಬೇಕು. ಕೆಇಎಂನಲ್ಲಿ ಆ ವಿಭಾಗ ಇದೆ. ಚಿಕ್ಕವರಲ್ಲಿ ಅದು ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತ ಬಗೆ, ಆಗಿರಬಹುದು. ಆಗ ಇನ್ಸುಲಿನ್ ಬಿಟ್ಟರೆ ಬೇರೆ ದಾರಿ ಇಲ್ಲ, ತಡಮಾಡಿದರೆ ಜೀವಕ್ಕೇ ಕುತ್ತು.

ಬೋರ್ಡಿನ ಮೇಲೆ ‘ಶುಗರ್ ತಜ್ಞ’ ಅಂತ ಇದ್ದರೆ ಸಾಲದು. ಡಿಗ್ರಿ ಓದಿ. ಹೆಸರೋ ನೋಂದಣಿ ಸಂಖ್ಯೆಯೋ ಹಾಕಿ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಹುಡುಕಿ.

ಹೋಗುವಾಗ ಮೂರು ದಿನದ ದಿನಚರಿ ಬರೆದು ಒಯ್ಯಿರಿ. ಎಷ್ಟು ಗಂಟೆಗೆ ಎದ್ದಿರಿ, ಎಷ್ಟು ಗಂಟೆಗೆ ಏನು ತಿಂದಿರಿ, ಎಷ್ಟು ಚಾ ಕುಡಿದಿರಿ, ಎಷ್ಟು ಗಂಟೆಗೆ ಮಲಗಿದಿರಿ. ಇದು ನಮ್ಮವರಿಗೆ ಬಹಳ ಮುಖ್ಯ. ಡಾಕ್ಟರ್ ‘ಬೆಳಗ್ಗೆ ತಿಂಡಿಗೆ ಮೊದಲು’ ಅಂತ ಬರೆಯುತ್ತಾರೆ. ಹೋಟೆಲ್ ಹುಡುಗ ಮಾತ್ರೆ ನುಂಗಿ ಕೆಲಸಕ್ಕೆ ಇಳಿಯುತ್ತಾನೆ, ತಿಂಡಿ ತಿನ್ನುವುದು 11ಕ್ಕೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಊಟ ತಪ್ಪಿಸಿದರೆ ಶುಗರ್ ಕುಸಿಯುತ್ತದೆ. ನಿಮ್ಮ ಊಟದ ಹೊತ್ತು ಗೊತ್ತಾದರೆ ಅವರು ಬೇರೆ ಮಾತ್ರೆ ಕೊಡಬಹುದು ಅಥವಾ ಹೊತ್ತು ಬದಲಿಸಬಹುದು. ಏಕಾದಶಿ, ನವರಾತ್ರಿ, ರಂಜಾನ್ ಉಪವಾಸ ಮಾಡುವವರು ಮೊದಲೇ ಹೇಳಿ.

ಭಾಷೆ ತೊಡಕಾದರೆ ಮರಾಠಿ ಅಥವಾ ಹಿಂದಿ ಚೆನ್ನಾಗಿ ಬರುವ ದೊಡ್ಡವರನ್ನು ಕರೆದೊಯ್ಯಿರಿ. ಮಕ್ಕಳನ್ನು ಬೇಡ. ಹತ್ತು ವರ್ಷದ ಮಗಳ ಮುಂದೆ ಅಪ್ಪ ಎಲ್ಲವನ್ನೂ ಹೇಳುವುದಿಲ್ಲ.

ಎದ್ದು ಬರುವ ಮೊದಲು ಇಷ್ಟು ಕೇಳಿ: ನನ್ನ ಗುರಿ ಸಂಖ್ಯೆ ಎಷ್ಟು? ಈ ಮಾತ್ರೆಯಿಂದ ಶುಗರ್ ಕುಸಿಯುತ್ತದಾ? ಒಂದು ಹೊತ್ತು ಮರೆತರೆ ಏನು ಮಾಡಲಿ? ಮತ್ತೆ ಯಾವಾಗ ಬರಲಿ?

ಹಂತ 6: ಕೇಳಿದ್ದನ್ನೆಲ್ಲ ಜರಡಿ ಹಿಡಿಯಿರಿ

ಈಗ ವಿಡಿಯೊ ನೋಡಿ. ಖಚಿತವಾದ ರಿಪೋರ್ಟ್, ಡಾಕ್ಟರ್ ಹೇಳಿದ ಗುರಿ ಎರಡೂ ಕೈಯಲ್ಲಿದ್ದರೆ ಸುಳ್ಳು ಬೇಗ ಗುರುತು ಸಿಗುತ್ತದೆ.

‘ಸಕ್ಕರೆ ಕಾಯಿಲೆ ಬುಡಸಮೇತ ಗುಣ’ ಅಂತ ಜಾಹೀರಾತು ಕೊಡುವುದು 1954ರ ಕೇಂದ್ರ ಕಾನೂನಿನ ಪ್ರಕಾರವೇ ಅಪರಾಧ. ಅಂಥ ಮಾತು ಕಂಡ ಕೂಡಲೇ ಮುಂದೆ ಓದುವುದು ಬೇಡ. ತೂಕ ಚೆನ್ನಾಗಿ ಇಳಿಸಿದ ಕೆಲವರಿಗೆ ಮಾತ್ರೆ ಇಲ್ಲದೆಯೂ ಮೂರು ತಿಂಗಳಿಗಿಂತ ಹೆಚ್ಚು ಕಾಲ ಎಚ್‌ಬಿಎ1ಸಿ 6.5ರ ಕೆಳಗೆ ಉಳಿಯುವುದು ನಿಜ. ಆದರೆ ಅದನ್ನು ಡಾಕ್ಟರ್ ಕಣ್ಣೆದುರೇ ಮಾಡಬೇಕು. ತೂಕ ಮತ್ತೆ ಏರಿದರೆ ಶುಗರ್ ಕೂಡ ಬರುತ್ತದೆ, ಆದ್ದರಿಂದ ಟೆಸ್ಟ್ ನಿಲ್ಲಿಸುವಂತಿಲ್ಲ.

ಲೇಬಲ್ ಇಲ್ಲದ ಪುಡಿ, ಬಿಲ್ ಕೊಡದ ‘ನಾಟಿ ಮಾತ್ರೆ’ ಮುಟ್ಟಬೇಡಿ. ಶುಗರ್ ಇಳಿಸುವ ಇಂಗ್ಲಿಷ್ ಮಾತ್ರೆಯನ್ನೇ ಪುಡಿಮಾಡಿ ಬೆರೆಸಿದ ಪ್ರಕರಣಗಳು ಸಿಕ್ಕಿವೆ. ಚುಚ್ಚದೆಯೇ ಶುಗರ್ ತೋರಿಸುತ್ತೇವೆ ಅನ್ನುವ ವಾಚು, ಉಂಗುರಕ್ಕೂ ದುಡ್ಡು ಹಾಕಬೇಡಿ. 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇವುಗಳ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ನಂಬಬಹುದಾದವರು ಯಾರು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ವಿಶ್ವ ಆರೋಗ್ಯ ಸಂಸ್ಥೆ, ಮಧುಮೇಹದ ವೈದ್ಯರ ಸಂಘವಾದ ಆರ್‌ಎಸ್‌ಎಸ್‌ಡಿಐ. ಊಟದ ವಿಷಯಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸಲಹೆಗಳು. ಯಾವುದೇ ಸಲಹೆ ಬಂದರೂ ಮೂರು ವಿಷಯ ನೋಡಿ: ಹೇಳಿದವರ ಹೆಸರೂ ಡಿಗ್ರಿಯೂ ಇದೆಯಾ, ತಾರೀಕು ಇದೆಯಾ, ಕೊನೆಯಲ್ಲಿ ಏನಾದರೂ ಮಾರುತ್ತಿದ್ದಾರಾ. ‘ನಿಮ್ಮ ಮಾತ್ರೆ ಬಿಟ್ಟುಬಿಡಿ’ ಅಂದರೆ ಅವರನ್ನೇ ಬಿಟ್ಟುಬಿಡಿ.

ಕುಚ್ಚಲಕ್ಕಿ ಎಷ್ಟು ಬೇಕಾದರೂ ತಿನ್ನಬಹುದು, ಚಪಾತಿಗೆ ಶುಗರ್ ಏರುವುದಿಲ್ಲ, ಬೆಲ್ಲ ಒಳ್ಳೆಯದು, ಈ ಮೂರೂ ನಮ್ಮಲ್ಲಿ ಬೇರೂರಿದ ತಪ್ಪು. ಅಕ್ಕಿಯಾಗಲಿ ಗೋಧಿಯಾಗಲಿ ಅಳತೆ ಮುಖ್ಯ. ಬೆಲ್ಲವೂ ಸಕ್ಕರೆಯೇ.

ಹಂತ 7: ಔಷಧಿ ತಪ್ಪದಂತೆ

ಮಾತ್ರೆ ತಪ್ಪುವುದಕ್ಕೆ ದೊಡ್ಡ ಕಾರಣ ದುಡ್ಡು. ಪಾಲಿಕೆ ದವಾಖಾನೆಯಲ್ಲಿ ಮೆಟ್‌ಫಾರ್ಮಿನ್‌ನಂಥ ಮಾತ್ರೆ ಉಚಿತ. ಅಲ್ಲಿ ಸಿಗದಿದ್ದರೆ ಜನೌಷಧಿ ಕೇಂದ್ರ ನೋಡಿ. ‘ಜನೌಷಧಿ ಸುಗಮ್’ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರವೂ ಬೆಲೆಯೂ ಸಿಗುತ್ತದೆ. ಡಾಕ್ಟರ್‌ಗೆ ಬ್ರ್ಯಾಂಡ್ ಹೆಸರಿನ ಬದಲು ಮಾತ್ರೆಯ ಮೂಲ (ಜೆನೆರಿಕ್) ಹೆಸರು ಬರೆಯಲು ಕೇಳಿ. ಸಿಟಾಗ್ಲಿಪ್ಟಿನ್, ಡಾಪಾಗ್ಲಿಫ್ಲೋಜಿನ್, 2025ರ ಮಾರ್ಚ್‌ನಿಂದ ಎಂಪಾಗ್ಲಿಫ್ಲೋಜಿನ್ ಇವೆಲ್ಲ ಪೇಟೆಂಟ್ ಮುಗಿದು ಹಲವು ಕಂಪನಿಗಳಿಂದ ಬರುತ್ತಿವೆ. ಹಳೆ ಚೀಟಿಯಲ್ಲಿ ದುಬಾರಿ ಬ್ರ್ಯಾಂಡ್ ಇದ್ದರೆ ‘ಇದರದ್ದೇ ಅಗ್ಗದ್ದು ಇದೆಯಾ?’ ಅಂತ ಕೇಳಿ.

ಇನ್ಸುಲಿನ್ ತಗೊಳ್ಳುವವರಿಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಎರಡು ಬಗೆಯ ಬಾಟಲಿ ಇವೆ: ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು ಮತ್ತು 100 ಯೂನಿಟ್ ಇರುವುದು. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು. ಅದಲುಬದಲಾದರೆ ಎರಡೂವರೆ ಪಟ್ಟು ಹೆಚ್ಚು ಅಥವಾ ಕಡಿಮೆ ಮೈಗೆ ಹೋಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಬಾಟಲಿ, ಸಿರಿಂಜ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ತೆರೆಯದ ಬಾಟಲಿ ಫ್ರಿಜ್‌ನಲ್ಲಿರಲಿ, ಫ್ರೀಜರ್‌ನಲ್ಲಿ ಬೇಡ. ತೆರೆದದ್ದನ್ನು ಸಾಮಾನ್ಯವಾಗಿ 28 ದಿನದಲ್ಲಿ ಮುಗಿಸಬೇಕು. ರೂಮಿನಲ್ಲಿ ಫ್ರಿಜ್ ಇಲ್ಲದಿದ್ದರೆ ಮಣ್ಣಿನ ಮಡಕೆಯಲ್ಲಿ ನೀರಿಟ್ಟು, ಬಾಟಲಿಯನ್ನು ಒದ್ದೆಯಾಗದಂತೆ ಡಬ್ಬಿಯಲ್ಲಿ ಹಾಕಿ ಅದರಲ್ಲಿಡಬಹುದು.

ಮೆಟ್‌ಫಾರ್ಮಿನ್‌ನಿಂದ ಹೊಟ್ಟೆ ಕೆಟ್ಟರೆ ಬಿಡಬೇಡಿ, ಡಾಕ್ಟರ್‌ಗೆ ಹೇಳಿ. ಊಟದ ಜೊತೆ ತಗೊಂಡರೆ ಅನೇಕರಿಗೆ ಸರಿಯಾಗುತ್ತದೆ. ವರ್ಷಗಟ್ಟಲೆ ತಗೊಂಡವರು ವಿಟಮಿನ್ ಬಿ12 ಟೆಸ್ಟ್ ಮಾಡಿಸಿ.

ಮಹಾರಾಷ್ಟ್ರ ಸರ್ಕಾರದ ಮಹಾತ್ಮ ಜ್ಯೋತಿರಾವ್ ಫುಲೆ ಆರೋಗ್ಯ ಯೋಜನೆ, 70 ದಾಟಿದವರ ಆಯುಷ್ಮಾನ್ ವಯ ವಂದನಾ ಕಾರ್ಡ್ ಇವೆರಡೂ ಆಸ್ಪತ್ರೆಗೆ ದಾಖಲಾದಾಗ ಕೆಲಸಕ್ಕೆ ಬರುತ್ತವೆ. ದಿನದ ಮಾತ್ರೆಗೆ ಬರುವುದಿಲ್ಲ. ಆದರೂ ಮೊದಲೇ ಮಾಡಿಸಿಡಿ, ಆಂಬುಲೆನ್ಸ್‌ನಲ್ಲಿ ಕೂತು ರೇಷನ್ ಕಾರ್ಡ್ ಹುಡುಕುವ ಹಾಗೆ ಆಗಬಾರದು.

ಹಂತ 8: ತಡೆಯದೆ ಹೊರಡಬೇಕಾದ ಸೂಚನೆಗಳು

ನಡುಕ, ತಣ್ಣನೆ ಬೆವರು, ಎದೆ ಡವಡವ, ತೊದಲು ಮಾತು: ಶುಗರ್ ಕುಸಿದಿರಬಹುದು. ಮೀಟರ್ 70ರ ಕೆಳಗೆ ತೋರಿಸಿದರೆ ಅಥವಾ ಮೀಟರ್ ಇಲ್ಲದಿದ್ದರೂ, ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. 15 ನಿಮಿಷಕ್ಕೆ ಮತ್ತೆ ನೋಡಿ, ಸರಿಯಾಗದಿದ್ದರೆ ಮತ್ತೆ ಕೊಡಿ. ಆಮೇಲೆ ಊಟ ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ.

ವಾಂತಿ, ಹೊಟ್ಟೆನೋವು, ಜೋರಾದ ಉಸಿರು, ಉಸಿರಲ್ಲಿ ಹಣ್ಣಿನಂಥ ವಾಸನೆ, ಮಂಪರು: ಶುಗರ್ ತುಂಬಾ ಏರಿರಬಹುದು. ಎದೆನೋವು, ಮುಖ ಅಥವಾ ಕೈ ಒಂದು ಕಡೆ ಜೋತುಬೀಳುವುದು, ದಿಢೀರನೆ ಕಣ್ಣು ಮಂಜಾಗುವುದು: ಇವಕ್ಕೂ ಆ ಕ್ಷಣವೇ ಆಸ್ಪತ್ರೆ. ಇಂಥ ಹೊತ್ತಲ್ಲಿ ಮಾತ್ರ ಹಂತ 2ರಲ್ಲಿ ಹೇಳಿದ್ದನ್ನು ಮರೆತು ನೇರ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ (ತುರ್ತು ವಿಭಾಗಕ್ಕೆ) ಹೋಗಿ.

ಕಾಲಿನ ಗಾಯ ನೋಯದಿದ್ದರೇ ಹೆಚ್ಚು ಅಪಾಯ. ನರ ಸತ್ತಿರುತ್ತದೆ, ಗೊತ್ತಾಗುವುದಿಲ್ಲ. ಕಪ್ಪಾದರೆ, ವಾಸನೆ ಬಂದರೆ ಅದೇ ದಿನ ತೋರಿಸಿ. ಮಳೆಗಾಲದಲ್ಲಿ ರಸ್ತೆಯ ನೀರಲ್ಲಿ ನಡೆದು ಬಂದ ಮೇಲೆ ಕಾಲು ತೊಳೆದು, ಬೆರಳ ಸಂದಿಯನ್ನೂ ಒರೆಸಿ. ಗಾಯವಿದ್ದು ನೀರಿಗಿಳಿದಿದ್ದರೆ ಇಲಿಜ್ವರ ತಡೆಯುವ ಮಾತ್ರೆ ಬೇಕಾಗಬಹುದು, ಮಾರನೇ ದಿನವೇ ದವಾಖಾನೆಯಲ್ಲಿ ಕೇಳಿ. ಎರಡು ವಾರ ದಾಟಿದ ಕೆಮ್ಮಿದ್ದರೆ ಟಿಬಿ ಟೆಸ್ಟ್ ಮಾಡಿಸಿ. ಶುಗರ್ ಇರುವವರಿಗೆ ಅದು ಬೇಗ ಅಂಟುತ್ತದೆ.

ಹಂತ 9: ವರ್ಷದ ಪಟ್ಟಿ

ಎಚ್‌ಬಿಎ1ಸಿ ಹತೋಟಿಯಲ್ಲಿ ಇಲ್ಲದಿದ್ದರೆ 3 ತಿಂಗಳಿಗೊಮ್ಮೆ, ಇದ್ದರೆ 6 ತಿಂಗಳಿಗೊಮ್ಮೆ. ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿ ರೆಟಿನಾ ತಪಾಸಣೆ, ಕಿಡ್ನಿ ನೋಡಲು ಮೂತ್ರದಲ್ಲಿ ಆಲ್ಬುಮಿನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್, ಜೊತೆಗೆ ಕೊಲೆಸ್ಟರಾಲ್, ಪಾದ, ಹಲ್ಲು. ಬಿಪಿ ಪ್ರತಿ ಭೇಟಿಯಲ್ಲೂ. ಟೈಪ್ 2 ಇರುವವರಿಗೆ ಇದೆಲ್ಲ ಕಾಯಿಲೆ ಗೊತ್ತಾದ ವರ್ಷದಿಂದಲೇ.

ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದ್ದು ಕಣ್ಣಿನ ತಪಾಸಣೆ ಆಗುವುದಿಲ್ಲ. ಹನಿ ಹಾಕಿದ ದಿನ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ. ರಜೆ ಹಾಕಿ, ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ.

ಹಂತ 10: ಜೊತೆಗೆ ಯಾರಿದ್ದಾರೆ?

ಒಬ್ಬರೇ ಇದನ್ನೆಲ್ಲ ನಡೆಸುವುದು ಕಷ್ಟ. ಕೆಲಸ ಹೋದೀತು ಅಂತ ಮಾಲೀಕರಿಗೆ ಹೇಳದೆ ಮುಚ್ಚಿಡುವವರನ್ನು ನಾನು ಬಲ್ಲೆ. ಆದರೆ ಜೊತೆ ಕೆಲಸ ಮಾಡುವ ಒಬ್ಬರಿಗಾದರೂ ಗೊತ್ತಿರಲಿ. ಶುಗರ್ ಕುಸಿದು ಬಿದ್ದಾಗ ‘ಕುಡಿದಿದ್ದಾನೆ’ ಅಂತ ಬಿಟ್ಟುಹೋಗದಿರಲು ಅದೊಂದೇ ಉಪಾಯ.

ನಮ್ಮವರ ಸಂಘಗಳಿಗೆ ಈ ಊರಲ್ಲಿ ಕೊರತೆಯಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜ್‌ನ ಬಿಲ್ಲವರ ಭವನ, ಎಲ್ಲ ಕಡೆ ಹತ್ತು ಜನ ಸೇರುತ್ತಾರೆ. ಅಲ್ಲಿ ಹೋದಾಗ ಒಂದು ವಿಷಯ ವಿಚಾರಿಸಿ: ಆಸ್ಪತ್ರೆಗೆ ಜೊತೆ ಬರುವವರು ಯಾರಾದರೂ ಇದ್ದಾರಾ? ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಕ್ಯಾಂಪ್ ಮಾಡಿದರೆ ಪ್ರತಿಯೊಬ್ಬರಿಗೂ ತಾರೀಕು, ಹೊತ್ತು, ಸಂಖ್ಯೆ ಬರೆದ ಚೀಟಿ ಕೊಡಿ. 140 ದಾಟಿದವರ ಫೋನ್ ನಂಬರ್ ಅವರನ್ನೇ ಕೇಳಿ ಬರೆದುಕೊಂಡು, ಎರಡು ವಾರದ ನಂತರ ಟೆಸ್ಟ್ ಆಯಿತಾ ಅಂತ ಕೇಳಿ.

ಊರಿಗೆ ಹೋಗುವಾಗ ಒಂದಿಷ್ಟು ತಯಾರಿ ಬೇಕು. ಒಂದು ವಾರಕ್ಕೆ ಅಂತ ಹೋದವರು ಕೋಲ, ಮದುವೆ ಅಂತ ಒಂದು ತಿಂಗಳು ಉಳಿಯುತ್ತಾರೆ, ಮಾತ್ರೆ ಮುಗಿಯುತ್ತದೆ. ಹೆಚ್ಚುವರಿ ಹದಿನೈದು ದಿನದ್ದು ಕಟ್ಟಿಕೊಳ್ಳಿ. ಮತ್ಸ್ಯಗಂಧ ರೈಲಿನಲ್ಲಿ ಇನ್ಸುಲಿನ್ ಸೀಟಿನಡಿಯ ದೊಡ್ಡ ಬ್ಯಾಗಿನಲ್ಲಿ ಬೇಡ, ಕೈಚೀಲದಲ್ಲೇ ಇರಲಿ. ಕಿಟಕಿಯ ಬಿಸಿಲು ತಾಗದಿರಲಿ. ಅದೇ ಚೀಲದಲ್ಲಿ ಸಕ್ಕರೆ ಪೊಟ್ಟಣ, ಬಿಸ್ಕತ್ತು, ಚೀಟಿಯ ಜೆರಾಕ್ಸ್ ಇಡಿ. ಮಾತ್ರೆಯ ಮೂಲ ಹೆಸರು ಬರೆದಿದ್ದರೆ ಉಡುಪಿಯಲ್ಲೂ ಕುಂದಾಪುರದಲ್ಲೂ ಅದೇ ಸಿಗುತ್ತದೆ.